ಚರ್ಚ್ ಸಭೆಯ ಸೇವೆಗೆ ಆನ್‌ಲೈನ್ ಕೆಲಸಪಟ್ಟಿ: ಭಾನುವಾರದಿಂದ ಹಿಂದಕ್ಕೆ ಎಣಿಸುವ ಕ್ರಮ

ಆರಾಧನೆ ಮುಗಿದು ಬಾಗಿಲ ಬಳಿ ನಿಂತ ಹತ್ತು ನಿಮಿಷದಲ್ಲಿ ಪಾಸ್ಟರ್ ಕಿವಿಗೆ ಏನೇನು ಬೀಳುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಒಬ್ಬರ ತಾಯಿಗೆ ಗುರುವಾರ ಆಪರೇಷನ್. ಎರಡನೇ ಮೈಕಿನ ವೈರು ಕೈಕೊಟ್ಟಿದೆ. ಹೊಸದಾಗಿ ಬಂದ ಕುಟುಂಬ ದೀಕ್ಷಾಸ್ನಾನದ ಬಗ್ಗೆ ಮಾತಾಡಬೇಕಂತೆ. ಮುಂದಿನ ತಿಂಗಳು ಸಂಡೇ ಸ್ಕೂಲಿಗೆ ಒಬ್ಬ ಟೀಚರ್ ಇರುವುದಿಲ್ಲ. ಎಲ್ಲದಕ್ಕೂ ‘ಆಗಲಿ, ನೋಡೋಣ’ ಎಂಬ ಉತ್ತರ ಹೋಗುತ್ತದೆ. ಸೋಮವಾರ ಬೆಳಿಗ್ಗೆ ನೆನಪಿರುವುದು ಮೈಕಿನ ವೈರು ಮಾತ್ರ, ಏಕೆಂದರೆ ಅದು ಕಣ್ಣೆದುರಿಗೆ ಬಿದ್ದಿದೆ. ಗುರುವಾರದ ಆಪರೇಷನ್ ಕಣ್ಣೆದುರಿಗಿಲ್ಲ.

ಕೆಲಸಪಟ್ಟಿಯ ಆ್ಯಪ್ ಬೇಕಾಗುವುದು ಇಂಥಲ್ಲಿ. ಆದರೆ ಕಚೇರಿಗೆಂದು ಮಾಡಿದ ಆ್ಯಪನ್ನು ಹಾಗೆಯೇ ಸೇವೆಗೆ ತಂದರೆ ಎರಡು ತಿಂಗಳಲ್ಲಿ ಅದು ಗಡುವು ಮೀರಿದ ಕೆಂಪು ಸಾಲುಗಳ ರಾಶಿಯಾಗುತ್ತದೆ. ಸಭೆಯ ಕೆಲಸ ಒಂದೇ ಬಗೆಯದಲ್ಲ ಎಂಬುದೇ ಇದಕ್ಕೆ ಕಾರಣ. ಅದರಲ್ಲಿ ಮೂರು ಲಯಗಳಿವೆ. ಭಾನುವಾರ ಪ್ರತಿ ಏಳು ದಿನಕ್ಕೆ ಬಂದೇ ಬರುತ್ತದೆ, ನೀವು ಸಿದ್ಧರಿರಲಿ ಇಲ್ಲದಿರಲಿ. ಜನರ ಆರೈಕೆಗೆ ಕೊನೆಯೇ ಇಲ್ಲ. ಒಂದು ಭೇಟಿ ಮುಗಿದರೆ ಅದೇ ಮುಂದಿನ ಭೇಟಿಯ ಶುರು. ಹಬ್ಬಗಳ ಕೆಲಸ ವರ್ಷಕ್ಕೊಮ್ಮೆ ಬರುತ್ತದೆ, ಅದರಲ್ಲೂ ಕೆಲವು ದಿನಾಂಕಗಳು ಪ್ರತಿವರ್ಷ ಜಾರುತ್ತವೆ. ಈ ಮೂರಕ್ಕೂ ಆ್ಯಪಿನಲ್ಲಿ ಮೂರು ಬೇರೆ ಜಾಗ, ಮೂರು ಬೇರೆ ನಿಯಮ ಬೇಕು. ಒಂದೇ ಪಟ್ಟಿಯಲ್ಲಿ ‘ಹಾಡಿನ ಸ್ಲೈಡ್’ ಕೆಳಗೆ ‘ಗಂಡ ತೀರಿಕೊಂಡ ತಾಯಿಗೆ ಫೋನ್’ ಎಂದು ಬಂದರೆ ಸ್ಲೈಡೇ ಗೆಲ್ಲುತ್ತದೆ. ಅದಕ್ಕೆ ಗಡುವಿದೆ, ಫೋನಿಗೆ ಇಲ್ಲ.

ಯಾವ ಆ್ಯಪ್?

ಈ ಪ್ರಶ್ನೆಗೆ ಜನ ವಾರಗಟ್ಟಲೆ ಕಳೆಯುತ್ತಾರೆ. ಅಷ್ಟು ಬೇಕಿಲ್ಲ. ಎಷ್ಟು ಜನ ಆ ಪಟ್ಟಿಯನ್ನು ಮುಟ್ಟುತ್ತಾರೆ ಎಂಬುದೊಂದೇ ನಿರ್ಧಾರದ ಅಳತೆ.

ಒಬ್ಬರೇ ಆದರೆ ಗೂಗಲ್ ಟಾಸ್ಕ್ಸ್ ಅಥವಾ ಟುಡುಯಿಸ್ಟ್. ಗೂಗಲ್ ಟಾಸ್ಕ್ಸ್‌ನಲ್ಲಿ ದಿನಾಂಕ ಹಾಕಿದ ಕೆಲಸ ಗೂಗಲ್ ಕ್ಯಾಲೆಂಡರಿನಲ್ಲೂ ಕಾಣುತ್ತದೆ. ಕ್ಯಾಲೆಂಡರ್ ನೋಡುವ ಅಭ್ಯಾಸ ಈಗಾಗಲೇ ಇದ್ದವರಿಗೆ ಅದು ಸಾಕು. ಟುಡುಯಿಸ್ಟ್‌ನ ಬಲ ಮರುಕಳಿಸುವ ದಿನಾಂಕಗಳಲ್ಲಿದೆ. ಆರೈಕೆಯ ಪಟ್ಟಿಗೆ ಅದು ಎಷ್ಟು ಬೇಕಾಗುತ್ತದೆ ಎಂಬುದು ಮುಂದೆ ಬರುತ್ತದೆ.

ಮೂರರಿಂದ ಹತ್ತು ಜನ ಆದರೆ ಮೈಕ್ರೋಸಾಫ್ಟ್ ಟು ಡು ಅಥವಾ ಟ್ರೆಲ್ಲೊ. ಟು ಡುನಲ್ಲಿ ಒಂದು ಪಟ್ಟಿಯನ್ನು ಲಿಂಕ್ ಕಳಿಸಿ ಹಂಚಿಕೊಳ್ಳಬಹುದು, ಕೆಲಸವನ್ನು ಒಬ್ಬರ ಹೆಸರಿಗೆ ಹಾಕಬಹುದು. ಆದರೆ ಪ್ರತಿಯೊಬ್ಬರಿಗೂ ಮೈಕ್ರೋಸಾಫ್ಟ್ ಖಾತೆ ಇರಬೇಕು. ಟ್ರೆಲ್ಲೊ ಬೋರ್ಡು ಗೋಡೆಗೆ ಅಂಟಿಸಿದ ಚೀಟಿಗಳ ಹಾಗೆ. ಚೀಟಿ ಎಡದಿಂದ ಬಲಕ್ಕೆ ಸರಿಯುವುದನ್ನು ನೋಡಿದರೆ ಕೆಲಸ ಎಲ್ಲಿದೆ ಎಂದು ಯಾರಿಗೂ ವಿವರಿಸಬೇಕಿಲ್ಲ.

ಹಾಡುವವರು, ವಾದ್ಯದವರು, ಸೌಂಡ್, ಪ್ರೊಜೆಕ್ಟರ್, ಬಾಗಿಲ ಸ್ವಾಗತ ಎಂದು ಪ್ರತಿ ಭಾನುವಾರ ಇಪ್ಪತ್ತು ಮೂವತ್ತು ಜನರ ಸರದಿ ಹಾಕುವ ಸಭೆಗೆ ಮೇಲಿನ ಯಾವುದೂ ಸಾಲದು. ಪ್ಲಾನಿಂಗ್ ಸೆಂಟರ್ ಸರ್ವಿಸಸ್ ಇದಕ್ಕೆಂದೇ ಮಾಡಿದ್ದು: ಸರದಿ ಬಂದವರಿಗೆ ಸಂದೇಶ ಹೋಗುತ್ತದೆ, ಅವರು ‘ಬರುತ್ತೇನೆ’, ‘ಆಗುವುದಿಲ್ಲ’ ಎಂದು ಒತ್ತುತ್ತಾರೆ, ಊರಲ್ಲಿ ಇರದ ದಿನಗಳನ್ನು ಮೊದಲೇ ಗುರುತು ಮಾಡಿಡುತ್ತಾರೆ. ಸಣ್ಣ ಸಭೆಗೆ ಇದು ಇಲಿಗೆ ಆನೆಯ ಅಂಬಾರಿ ಹೊರಿಸಿದಂತೆ. ಅಲ್ಲಿ ಒಂದು ಗೂಗಲ್ ಶೀಟ್ ಸಾಕು.

ಯಾವುದನ್ನೇ ಆರಿಸಿ, ಒಳಗಿನ ಮಾಹಿತಿಯನ್ನು ಹೊರಗೆ ತೆಗೆಯುವ ದಾರಿ ಮೊದಲೇ ನೋಡಿಕೊಳ್ಳಿ. ವಂಡರ್‌ಲಿಸ್ಟ್ ಎಂಬ ಆ್ಯಪ್ ಬಹಳ ಜನಪ್ರಿಯವಾಗಿತ್ತು. 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು, 2020ರ ಮೇ ತಿಂಗಳಲ್ಲಿ ಮುಚ್ಚಿತು. ಪಟ್ಟಿಗಳನ್ನು ಟು ಡುಗೆ ಸಾಗಿಸಿಕೊಳ್ಳಲು ಅವಕಾಶವಿತ್ತು, ನಿಜ. ಗಮನಿಸದೇ ಇದ್ದವರ ಪಟ್ಟಿ ಅಲ್ಲಿಗೇ ಮುಗಿಯಿತು. ವರ್ಷಕ್ಕೆರಡು ಸಲ ಒಂದು ಪ್ರತಿ ಇಳಿಸಿಟ್ಟುಕೊಳ್ಳುವ ಕೆಲಸವನ್ನೂ ಪಟ್ಟಿಗೆ ಸೇರಿಸಿ.

ಖಾತೆ ಯಾರ ಹೆಸರಿನಲ್ಲಿ ಎಂಬುದು ಇನ್ನೊಂದು. ಉತ್ಸಾಹದ ಯುವಕನೊಬ್ಬ ತನ್ನ ಸ್ವಂತ ಇಮೇಲಿನಲ್ಲಿ ಬೋರ್ಡು ಶುರುಮಾಡುತ್ತಾನೆ, ಎರಡು ವರ್ಷದ ಮೇಲೆ ಓದಿಗೋ ಕೆಲಸಕ್ಕೋ ದೂರ ಹೋಗುತ್ತಾನೆ, ಬೋರ್ಡಿನ ಕೀಲಿಕೈ ಅವನ ಜೊತೆಗೇ ಹೋಗುತ್ತದೆ. ಸಭೆಯ ಹೆಸರಿನಲ್ಲಿ ಒಂದು ಇಮೇಲ್ ಮಾಡಿ, ಎರಡು ಹಂತದ ಲಾಗಿನ್ ಹಾಕಿ, ಅಡ್ಮಿನ್ ಹಕ್ಕು ಇಬ್ಬರಿಗೆ ಕೊಡಿ.

ಕೆಲಸವನ್ನು ಬರೆಯುವ ರೀತಿ

ಮೊದಲು ಒಂದು ಒಳಪೆಟ್ಟಿಗೆ ಬೇಕು. ಎಲ್ಲ ಹೊಸ ವಿಷಯ ಬೀಳುವ ಒಂದೇ ಜಾಗ ಅದು. ಟುಡುಯಿಸ್ಟ್‌ನಲ್ಲಿ ಇನ್‌ಬಾಕ್ಸ್ ಎಂದೇ ಇದೆ. ಬೇರೆಯದರಲ್ಲಿ ‘ಒಳಪೆಟ್ಟಿಗೆ’ ಎಂದು ಪಟ್ಟಿ ಮಾಡಿಕೊಳ್ಳಿ. ಆ್ಯಪಿನ ವಿಜೆಟನ್ನು ಫೋನಿನ ಮೊದಲ ಪರದೆಯಲ್ಲಿಡಿ. ಆ್ಯಪ್ ಹುಡುಕಿ, ತೆರೆದು, ಪಟ್ಟಿ ಆರಿಸಿ ಬರೆಯಬೇಕಾದರೆ ಬಾಗಿಲ ಬಳಿ ನಿಂತವರು ಅದನ್ನು ಮಾಡುವುದಿಲ್ಲ. ಜೀಬೋರ್ಡ್ ಕೀಲಿಮಣೆಯಲ್ಲಿ ಕನ್ನಡ ಸೇರಿಸಿಕೊಂಡರೆ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ ಬರೆಸಬಹುದು. ಹೆಸರುಗಳನ್ನು ಅದು ಆಗಾಗ ತಪ್ಪಾಗಿ ಬರೆಯುತ್ತದೆ, ಅಂದು ಸಂಜೆಯೇ ಒಮ್ಮೆ ಕಣ್ಣಾಡಿಸಿ.

ಕೆಲಸಪಟ್ಟಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದವರೆಲ್ಲ ‘ಕ್ರಿಯಾಪದದಿಂದ ಶುರುಮಾಡಿ’ ಎನ್ನುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಫೋನಿನ ಪರದೆಯಲ್ಲಿ ಉದ್ದ ಸಾಲಿನ ಕೊನೆಯೇ ಕತ್ತರಿಸಿ ಹೋಗುತ್ತದೆ. ‘ಹಿಂದಿನ ವಾರ ಬಂದಿದ್ದ ಹೊಸ ಕುಟುಂಬದವರಿಗೆ…’ ಎಂದು ಕಂಡರೆ ಫೋನ್ ಮಾಡಬೇಕೋ, ಪತ್ರ ಕೊಡಬೇಕೋ, ಮನೆಗೆ ಹೋಗಬೇಕೋ ತಿಳಿಯುವುದಿಲ್ಲ. ಕೆಲಸದ ಬಗೆಯನ್ನು ಒಂದೇ ಪದದಲ್ಲಿ ಮೊದಲು ಹಾಕಿ ಗೆರೆ ಎಳೆಯಿರಿ: ‘ಫೋನ್ – ಹೊಸ ಕುಟುಂಬ’, ‘ಭೇಟಿ – ಆಸ್ಪತ್ರೆ, ಬುಧ ಸಂಜೆ’, ‘ಕೊಳ್ಳು – ಮೈಕ್ ವೈರು 2’, ‘ಕೇಳು – ಸಂಡೇ ಸ್ಕೂಲ್ ಬದಲಿ ಟೀಚರ್’. ಇದರಿಂದ ಇನ್ನೊಂದು ಲಾಭ: ಹುಡುಕುವ ಪೆಟ್ಟಿಗೆಯಲ್ಲಿ ‘ಫೋನ್’ ಎಂದು ಹೊಡೆದರೆ ಇವತ್ತಿನ ಫೋನ್ ಕೆಲಸಗಳೆಲ್ಲ ಒಟ್ಟಿಗೆ ಬರುತ್ತವೆ, ಅರ್ಧ ಗಂಟೆ ಕೂತು ಮುಗಿಸಬಹುದು.

ಹುಡುಕಾಟದ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಒಬ್ಬರು ‘ದೀಕ್ಷಾಸ್ನಾನ’ ಎಂದೂ ಇನ್ನೊಬ್ಬರು ‘ಬ್ಯಾಪ್ಟಿಸಂ’ ಎಂದೂ ಮತ್ತೊಬ್ಬರು ಇಂಗ್ಲಿಷ್ ಅಕ್ಷರದಲ್ಲೂ ಬರೆದರೆ ಆ್ಯಪಿಗೆ ಅವು ಮೂರು ಬೇರೆ ವಿಷಯ. ಹತ್ತು ಹದಿನೈದು ಪದಗಳಿಗೆ ಒಂದೇ ಕಾಗುಣಿತ ಗೊತ್ತುಮಾಡಿ, ಪಟ್ಟಿಯ ತಲೆಯಲ್ಲೇ ಬರೆದಿಡಿ. ಟುಡುಯಿಸ್ಟ್ ಬಳಸುವವರು ನೆನಪಿಡಬೇಕಾದ್ದು: ಕೆಲಸದ ಹೆಸರು ಕನ್ನಡದಲ್ಲಿರಬಹುದು, ದಿನಾಂಕದ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ‘ಪ್ರತಿ ಸೋಮವಾರ’ ಎಂದು ಕನ್ನಡದಲ್ಲಿ ಬರೆದರೆ ಅದು ಹೆಸರಿನ ಭಾಗವಾಗಿಯೇ ಉಳಿಯುತ್ತದೆ, ನೆನಪು ಬರುವುದಿಲ್ಲ.

ಮೊದಲ ಲಯ: ಭಾನುವಾರ

ಶನಿವಾರ ರಾತ್ರಿಯ ಗಡಿಬಿಡಿಗೆ ಬೀಜ ಬೀಳುವುದು ಮಂಗಳವಾರ. ಬೈಬಲಿನ ಯಾವ ವಾಕ್ಯಭಾಗ ಎಂದು ಗೊತ್ತಾಗದೆ ಹಾಡು ಆರಿಸಲಾಗದು, ಹಾಡು ಗೊತ್ತಾಗದೆ ಸ್ಲೈಡ್ ಆಗದು, ಸ್ಲೈಡ್ ಆಗದೆ ಪ್ರೊಜೆಕ್ಟರ್ ಹುಡುಗ ಕಾಯುತ್ತಾ ಕೂರುತ್ತಾನೆ. ಈ ಸರಪಳಿಯನ್ನು ಭಾನುವಾರದಿಂದ ಹಿಂದಕ್ಕೆ ಎಣಿಸಿ ಒಂದು ಸಲ ಬರೆದುಕೊಂಡರೆ ಉಳಿದ 51 ವಾರ ಅದೇ ಸಾಕು.

ಸೋಮ: ಒಳಪೆಟ್ಟಿಗೆ ಖಾಲಿ ಮಾಡುವುದು, ಹೊಸಬರಿಗೆ ಫೋನ್.
ಮಂಗಳ: ವಾಕ್ಯಭಾಗ, ಪ್ರಸಂಗದ (ಉಪದೇಶದ) ವಿಷಯ ಗೊತ್ತುಮಾಡಿ ಹಾಡಿನ ಮುಂದಾಳಿಗೆ ಕಳಿಸುವುದು.
ಬುಧ: ಹಾಡುಗಳ ಪಟ್ಟಿ, ಯಾವ ಶ್ರುತಿ ಎಂಬುದರ ಸಮೇತ.
ಗುರು: ಸರದಿಗೆ ಉತ್ತರ ಕೊಡದವರಿಗೆ ನೇರ ಫೋನ್; ಸ್ಲೈಡ್ ಶುರು.
ಶುಕ್ರ ಸಂಜೆ 6: ಪ್ರಕಟಣೆಗಳಿಗೆ ಕೊನೆಯ ಸಮಯ.
ಶನಿ: ಅಭ್ಯಾಸ, ಮೈಕ್ ಬ್ಯಾಟರಿ, ಸ್ಲೈಡನ್ನು ಸಭೆಯ ಕಂಪ್ಯೂಟರಿನಲ್ಲೇ ತೆರೆದು ನೋಡುವುದು, ಕರ್ತನ ಭೋಜನವಿದ್ದರೆ ರೊಟ್ಟಿ, ದ್ರಾಕ್ಷಾರಸ, ಬಟ್ಟಲುಗಳ ಎಣಿಕೆ.

ಭಾನುವಾರ ಬೆಳಿಗ್ಗೆ ಪಾಸ್ಟರ್ ಹೆಸರಿನಲ್ಲಿ ಒಂದು ಕೆಲಸವೂ ಇರಬಾರದು. ಇದ್ದರೆ ಅದನ್ನು ಬೇರೆಯವರ ಹೆಸರಿಗೆ ಹಾಕುವುದು ಮರೆತಿದ್ದೀರಿ ಎಂದರ್ಥ.

ಶುಕ್ರವಾರದ ಗಡುವಿನ ಬಗ್ಗೆ ಜಗಳ ಬರುತ್ತದೆ, ಬರಲಿ. ಶನಿವಾರ ರಾತ್ರಿ ಬಂದ ಪ್ರಕಟಣೆಯನ್ನು ಒಂದು ಸಲ ಸೇರಿಸಿದರೆ ಮುಂದಿನ ವಾರದಿಂದ ಎಲ್ಲವೂ ಶನಿವಾರ ರಾತ್ರಿಯೇ ಬರುತ್ತವೆ. ಸಾವು, ಅಪಘಾತ, ಆಸ್ಪತ್ರೆ ಇವಿಷ್ಟಕ್ಕೆ ಮಾತ್ರ ವಿನಾಯಿತಿ ಎಂದು ಮೊದಲೇ ಹೇಳಿಡಿ.

ಸ್ಲೈಡನ್ನು ಸಭೆಯ ಕಂಪ್ಯೂಟರಿನಲ್ಲೇ ತೆರೆದು ನೋಡಬೇಕು ಎಂದದ್ದಕ್ಕೆ ಕಾರಣವಿದೆ. ಹಳೆಯ ಕೀರ್ತನೆಗಳ ಫೈಲುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಆಗಿರುವುದುಂಟು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ, ಗೂಗಲ್ ಸ್ಲೈಡ್ಸ್‌ನಲ್ಲಿ, ಫೋನಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಿಸಿ ಒಂದೇ ಫೋಲ್ಡರಿನಲ್ಲಿಡುವ ಕೆಲಸವನ್ನು ವಾರಕ್ಕೆ ಐದು ಹಾಡಿನಂತೆ ಹಂಚಿಕೊಳ್ಳಿ. ಇನ್ನೂರು ಹಾಡಿದ್ದರೆ 40 ವಾರದಲ್ಲಿ ಮುಗಿಯುತ್ತದೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ತಪ್ಪಿಲ್ಲವೇ ಎಂದು ಒಮ್ಮೆ ಓದಬೇಕು. ತಪ್ಪುಗಳು ಅಲ್ಲೇ ಅಡಗಿರುತ್ತವೆ.

ಇದನ್ನು ಆ್ಯಪಿಗೆ ಹಾಕುವುದು ಹೇಗೆ? ಟ್ರೆಲ್ಲೊದಲ್ಲಿ ‘ಭಾನುವಾರ – ಮಾದರಿ’ ಎಂಬ ಕಾರ್ಡು ಮಾಡಿ, ಮೇಲಿನದೆಲ್ಲ ಚೆಕ್‌ಲಿಸ್ಟಾಗಿ ಬರೆದು, ಕಾರ್ಡನ್ನು ಟೆಂಪ್ಲೇಟ್ ಎಂದು ಗುರುತಿಸಿ. ಪ್ರತಿ ಸೋಮವಾರ ಅದರಿಂದ ಹೊಸ ಕಾರ್ಡು ಮಾಡಿ, ಹೆಸರಿನಲ್ಲಿ ಆ ಭಾನುವಾರದ ದಿನಾಂಕ ಹಾಕಿ. ಚೆಕ್‌ಲಿಸ್ಟಿನ ಒಂದೊಂದು ಸಾಲಿಗೂ ಬೇರೆ ವ್ಯಕ್ತಿ, ಬೇರೆ ಗಡುವು ಹಾಕುವ ಸೌಲಭ್ಯ ಹಣ ಕೊಡುವ ಯೋಜನೆಗಳಲ್ಲಿ ಮಾತ್ರ ಇದೆ. ಉಚಿತವಾಗಿ ಬಳಸುವವರು ಸಾಲಿನ ಮೊದಲಿಗೆ ‘ಬುಧ – ಹಾಡಿನ ಪಟ್ಟಿ’ ಎಂದು ವಾರದ ಹೆಸರು ಬರೆದರೆ ಆಯಿತು. ಟುಡುಯಿಸ್ಟ್, ಗೂಗಲ್ ಟಾಸ್ಕ್ಸ್, ಟು ಡುಗಳಲ್ಲಿ ಆರು ದಿನಕ್ಕೆ ಆರು ಕೆಲಸ ಮಾಡಿ, ಒಂದೊಂದಕ್ಕೂ ವಾರಕ್ಕೊಮ್ಮೆ ಮರುಕಳಿಸುವಂತೆ ಹೇಳಿ.

ಸರದಿಯ ಶೀಟಿನಲ್ಲಿ ಸಾಲಿಗೊಂದು ಭಾನುವಾರ, ಕಾಲಂಗೊಂದು ಹೊಣೆ ಇರಲಿ. ಹೆಸರುಗಳನ್ನು ಟೈಪ್ ಮಾಡಿಸಬೇಡಿ, ಡ್ರಾಪ್‌ಡೌನಿನಿಂದ ಆರಿಸುವಂತೆ ಮಾಡಿ. ಕಾಗುಣಿತ ಒಂದೇ ಇದ್ದರೆ ಯಾರು ತಿಂಗಳಿಗೆ ಎಷ್ಟು ಸಲ ಬಂದರು ಎಂದು ಶೀಟೇ ಎಣಿಸಿ ಹೇಳುತ್ತದೆ. ಒಬ್ಬರೇ ಮೂರು ವಾರ ಸತತ ಸೌಂಡ್ ನೋಡಿಕೊಳ್ಳುತ್ತಿರುವುದು ಹೀಗೆ ಬೆಳಕಿಗೆ ಬರುತ್ತದೆ. ಅವರು ತಾವಾಗಿ ಹೇಳುವುದಿಲ್ಲ. ಒಂದು ದಿನ ಬರುವುದನ್ನೇ ನಿಲ್ಲಿಸುತ್ತಾರೆ. ಯಾರೋ ಅರಿಯದೆ ಅಳಿಸಿದರೆ ಗಾಬರಿ ಬೇಡ. ಶೀಟಿನ ಆವೃತ್ತಿ ಇತಿಹಾಸಕ್ಕೆ ಹೋಗಿ ಹಿಂದಿನದನ್ನು ಮರಳಿ ತರಬಹುದು.

ಎರಡನೇ ಲಯ: ಜನ

ಅಪೊಸ್ತಲರ ಕಾಲದ ಮೊದಲ ಸಭೆಯಲ್ಲಿ ಎದ್ದ ಗುಣುಗುಟ್ಟುವಿಕೆ ಯಾವುದಕ್ಕೆ? ದಿನದಿನದ ಹಂಚಿಕೆಯಲ್ಲಿ ಕೆಲವು ವಿಧವೆಯರು ಬಿಟ್ಟುಹೋಗುತ್ತಿದ್ದರು ಎಂಬುದಕ್ಕೆ. ಅಂದರೆ ಅದು ಪಟ್ಟಿಯ ಸಮಸ್ಯೆ. ಏಳು ಮಂದಿಯನ್ನು ಹೆಸರಿಟ್ಟು ನೇಮಿಸಿದ್ದು ಅದಕ್ಕೆ ಸಿಕ್ಕ ಪರಿಹಾರ. ಆರೈಕೆಯ ಪಟ್ಟಿಗೆ ಇಂದಿಗೂ ಬೇಕಾದ್ದು ಅದೇ ಎರಡು: ಯಾರು ಬಿಟ್ಟುಹೋಗಿದ್ದಾರೆ ಎಂದು ಕಾಣಬೇಕು, ಅವರ ಹೊಣೆ ಒಬ್ಬರ ಹೆಸರಿನ ಮೇಲಿರಬೇಕು. ‘ಸಭೆಯ ಹಿರಿಯರು ನೋಡಿಕೊಳ್ಳುತ್ತಾರೆ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಒಂದು ಕಾರ್ಡಿಗೆ ಒಂದೇ ಹೆಸರು. ಇಬ್ಬರು ಒಟ್ಟಿಗೆ ಭೇಟಿಗೆ ಹೋಗಬಹುದು, ಹೋಗಲೂಬೇಕು. ಆದರೆ ದಿನ ಗೊತ್ತುಮಾಡುವವರು ಒಬ್ಬರೇ.

ಶುರುಮಾಡುವ ಮೊದಲು ಲೆಕ್ಕ ಹಾಕಿ. ಸಭೆಯಲ್ಲಿ 60 ಕುಟುಂಬ, ಪಾಸ್ಟರ್ ವಾರಕ್ಕೆ 4 ಮನೆಗೆ ಹೋಗಬಲ್ಲರು ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ 15 ವಾರ ಬೇಕು, ವರ್ಷಕ್ಕೆ ಒಂದು ಮನೆಗೆ ಮೂರು ಸಲ, ಹೆಚ್ಚೆಂದರೆ ನಾಲ್ಕು. ‘ಪ್ರತಿ ಕುಟುಂಬಕ್ಕೆ ತಿಂಗಳಿಗೊಂದು ಭೇಟಿ’ ಎಂದು ಆ್ಯಪಿಗೆ ಹಾಕಿದರೆ ವಾರಕ್ಕೆ 14 ಭೇಟಿಯಾಗುತ್ತದೆ. ಮೊದಲ ತಿಂಗಳಲ್ಲೇ 40ಕ್ಕೂ ಹೆಚ್ಚು ಕೆಂಪು ಸಾಲು ಉಳಿಯುತ್ತದೆ, ಎರಡನೇ ತಿಂಗಳು ಆ್ಯಪ್ ತೆರೆಯಲೇ ಮನಸ್ಸು ಬರುವುದಿಲ್ಲ. ತಪ್ಪು ಆ್ಯಪಿನದಲ್ಲ, ಸೋಮಾರಿತನವೂ ಅಲ್ಲ, ಗುಣಾಕಾರದ್ದು. ಸಭೆಯ ಹೊಣೆ ಹೊತ್ತ ಆರು ಹಿರಿಯರಿಗೆ ಹತ್ತು ಹತ್ತು ಕುಟುಂಬ ಹಂಚಿದರೆ ಒಬ್ಬೊಬ್ಬರಿಗೆ ವಾರಕ್ಕೆ ಎರಡು ಮೂರು ಭೇಟಿಯಲ್ಲಿ ತಿಂಗಳ ಸುತ್ತು ಮುಗಿಯುತ್ತದೆ. ಪಾಸ್ಟರ್ ಪಟ್ಟಿಯಲ್ಲಿ ಆಗ ಕಾಯಿಲೆ, ಸಾವು, ಬಿಕ್ಕಟ್ಟು ಇರುವ ಮನೆಗಳು ಮಾತ್ರ ಉಳಿಯುತ್ತವೆ.

ಮರುಕಳಿಕೆಯ ಸೂಕ್ಷ್ಮ ಇಲ್ಲಿದೆ, ಬಹಳ ಜನ ಎಡವುವುದೂ ಇಲ್ಲೇ. ಹಾಸಿಗೆ ಹಿಡಿದ ವೃದ್ಧರೊಬ್ಬರನ್ನು ಮೂರು ವಾರಕ್ಕೊಮ್ಮೆ ನೋಡಬೇಕು, ಈ ಸಲ ಒಂದು ವಾರ ತಡವಾಯಿತು ಎಂದುಕೊಳ್ಳಿ. ಸಾಮಾನ್ಯ ಮರುಕಳಿಕೆ ಹಳೆಯ ದಿನಾಂಕದಿಂದಲೇ ಎಣಿಸುತ್ತದೆ, ಎರಡೇ ವಾರಕ್ಕೆ ಮತ್ತೆ ಬಾ ಎನ್ನುತ್ತದೆ. ಭೇಟಿ ಮುಗಿದ ದಿನದಿಂದ ಮೂರು ವಾರ ಎಣಿಸುವುದು ಸರಿಯಾದ ಕ್ರಮ. ಟುಡುಯಿಸ್ಟ್‌ನಲ್ಲಿ ಇದಕ್ಕೆ ‘ಎವ್ರಿ’ ಪದಕ್ಕೆ ಅಂಟಿಕೊಂಡಂತೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಸಾಕು, ಎಣಿಕೆ ಟಿಕ್ ಮಾಡಿದ ದಿನದಿಂದ ಶುರುವಾಗುತ್ತದೆ. ಭಾನುವಾರದ ಕೆಲಸಗಳಿಗೆ ಚಿಹ್ನೆ ಇಲ್ಲದ ರೂಪ, ಜನರಿಗೆ ಚಿಹ್ನೆ ಇರುವ ರೂಪ. ಈ ಸೌಲಭ್ಯ ಇಲ್ಲದ ಆ್ಯಪಿನಲ್ಲಿ ಭೇಟಿಗೆ ಮರುಕಳಿಕೆ ಹಾಕಲೇಬೇಡಿ. ಭೇಟಿ ಮುಗಿಸಿ ಹೊರಟಾಗ ಅದೇ ಕೆಲಸಕ್ಕೆ ಮುಂದಿನ ದಿನಾಂಕ ಕೈಯಾರೆ ಬದಲಿಸಿ.

ಕೆಲವು ಸಂದರ್ಭಗಳಿಗೆ ದಿನಾಂಕದ ಸರಣಿಯನ್ನೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಆಪರೇಷನ್ ಇದ್ದರೆ: ಹಿಂದಿನ ಸಂಜೆ ಪ್ರಾರ್ಥನೆಗೆ ಫೋನ್, ಆ ದಿನ ಮನೆಯವರಿಗೆ ಒಂದು ಸಂದೇಶ, ಮನೆಗೆ ಬಂದ ಮೂರನೇ ದಿನ ಭೇಟಿ. ಸಾವಾದರೆ: ಒಂದು ವಾರ, ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳು, ವರ್ಷದ ದಿನ. ಅಂತ್ಯಕ್ರಿಯೆಯಾದ ದಿನವೇ ಐದೂ ಸಾಲು ಬರೆದುಬಿಡಿ. ಮೊದಲ ವಾರ ಮನೆ ತುಂಬ ಜನರಿರುತ್ತಾರೆ, ನೀವು ಮರೆತರೂ ನಡೆಯುತ್ತದೆ. ಮೂರನೇ ತಿಂಗಳಲ್ಲಿ ಯಾರೂ ಬರುವುದಿಲ್ಲ. ಆ್ಯಪ್ ನಿಜವಾಗಿ ಕೆಲಸಕ್ಕೆ ಬರುವುದು ಆಗ.

ಹೊಸಬರಿಗೆ ಟ್ರೆಲ್ಲೊ ಬೋರ್ಡು ಹೊಂದುತ್ತದೆ: ‘ಬಂದರು’, ‘ಫೋನ್ ಆಯಿತು’, ‘ಭೇಟಿ ಆಯಿತು’, ‘ಮನೆಯ ಪ್ರಾರ್ಥನಾ ಕೂಟಕ್ಕೆ ಸೇರಿದರು’, ‘ಬೇಡವೆಂದರು’. ಕೊನೆಯ ಕಾಲಂ ಬಹಳ ಮುಖ್ಯ. ಅದಿಲ್ಲದಿದ್ದರೆ ಆಸಕ್ತಿ ಇಲ್ಲದವರಿಗೂ ಮೂರು ಮಂದಿ ಮೂರು ಸಲ ಫೋನ್ ಮಾಡುತ್ತಾರೆ. ಪ್ರತಿ ಕಾರ್ಡಿಗೂ ಮುಂದಿನ ಹೆಜ್ಜೆಯ ದಿನಾಂಕ ಇರಲಿ. ದಿನಾಂಕವಿಲ್ಲದ ಕಾರ್ಡು ಎರಡನೇ ಕಾಲಮಿನಲ್ಲಿ ಧೂಳು ಹಿಡಿಯುತ್ತದೆ.

ಬರೆಯಬಾರದ್ದು

ಪಾಸ್ಟರ್ ಲ್ಯಾಪ್‌ಟಾಪ್ ಪ್ರೊಜೆಕ್ಟರಿಗೆ ಸಿಕ್ಕಿಸಿದೆ, ಹಾಡು ನಡೆಯುತ್ತಿದೆ, ಪರದೆಯ ಮೂಲೆಯಲ್ಲಿ ನೆನಪಿನ ಸಂದೇಶ ಮೂಡುತ್ತದೆ. ಅದರಲ್ಲಿ ಒಂದು ಹೆಸರು, ಪಕ್ಕದಲ್ಲಿ ‘ಗಂಡ–ಹೆಂಡತಿ ಜಗಳ, ಮಾತುಕತೆ’. ಹೀಗಾದರೆ ಯಾವ ಕ್ಷಮೆಯೂ ಅದನ್ನು ಅಳಿಸದು. ಆದ್ದರಿಂದ ಕೆಲಸದ ಹೆಸರಿನಲ್ಲಿ ಕಾರಣ ಬರೆಯಬೇಡಿ. ‘ಭೇಟಿ – ಕ 14’ ಎಂದಷ್ಟೇ ಇರಲಿ. 14ನೇ ಕುಟುಂಬ ಯಾವುದು ಎಂಬುದು ಬೇರೆ ಕಡೆ, ಬೀಗದೊಳಗಿನ ನೋಟ್‌ಬುಕ್ಕಿನಲ್ಲಿ. ಫೋನಿನ ಲಾಕ್ ಪರದೆಯಲ್ಲಿ ಸಂದೇಶದ ಒಳವಿಷಯ ಕಾಣದಂತೆ ಮಾಡಿ, ಪ್ರೊಜೆಕ್ಟರಿಗೆ ಬೇರೆಯದೇ ಕಂಪ್ಯೂಟರ್ ಬಳಸಿ. ಇಲ್ಲವೇ ಸಿಕ್ಕಿಸುವ ಮೊದಲು ‘ಡು ನಾಟ್ ಡಿಸ್ಟರ್ಬ್’ ಒತ್ತಿ. ಪಾಪನಿವೇದನೆ, ಆಪ್ತಸಲಹೆಯಲ್ಲಿ ಕೇಳಿದ ಮಾತು ಯಾವ ಆ್ಯಪಿಗೂ ಹೋಗಕೂಡದು.

ಟ್ರೆಲ್ಲೊ ಬೋರ್ಡು ಪಬ್ಲಿಕ್ ಎಂದಿದ್ದರೆ ಲಿಂಕ್ ಇರುವ ಯಾರಾದರೂ ನೋಡಬಹುದು, ಸರ್ಚ್ ಎಂಜಿನ್‌ಗಳಿಗೂ ಅದು ಸಿಗುತ್ತದೆ. ಆರೈಕೆಯ ಬೋರ್ಡು ಪ್ರೈವೇಟ್ ಆಗಿದೆಯೇ ಎಂದು ಇವತ್ತೇ ನೋಡಿ. ಗೂಗಲ್ ಶೀಟ್‌ನಲ್ಲಿ ‘ಲಿಂಕ್ ಇರುವ ಯಾರಾದರೂ’ ಎಂಬ ಆಯ್ಕೆ ಹಾಡಿನ ಪಟ್ಟಿಗೆ ಸರಿ. ಫೋನ್ ನಂಬರುಗಳಿಗೆ, ಮಕ್ಕಳ ಹೆಸರುಗಳಿಗೆ, ಕಾಣಿಕೆಯ ಲೆಕ್ಕಕ್ಕೆ ಸರಿಯಲ್ಲ. ಸೇವೆ ಬಿಟ್ಟುಹೋದವರನ್ನು ಬೋರ್ಡಿನಿಂದ ತೆಗೆಯುವುದು ಮೂರು ತಿಂಗಳಿಗೊಮ್ಮೆ ಮರುಕಳಿಸುವ ಕೆಲಸವಾಗಲಿ.

ಪ್ರಾರ್ಥನಾ ವಿನಂತಿಗಳಿಗೆ ಗೂಗಲ್ ಫಾರ್ಮ್ ಬಳಸಿದರೆ ನಾಲ್ಕೇ ಪ್ರಶ್ನೆ ಸಾಕು: ಹೆಸರು (ಬಿಡಬಹುದು), ವಿನಂತಿ, ಯಾರು ನೋಡಬಹುದು (ಪಾಸ್ಟರ್ ಮಾತ್ರ / ಪ್ರಾರ್ಥನಾ ಗುಂಪು / ಇಡೀ ಸಭೆ), ನಾವು ಮತ್ತೆ ಫೋನ್ ಮಾಡಬಹುದೇ. ಮೂರನೆಯದು ಕಡ್ಡಾಯ. ‘ಪಾಸ್ಟರ್ ಮಾತ್ರ’ ಎಂದು ಬಂದದ್ದನ್ನು ಉಪವಾಸ ಪ್ರಾರ್ಥನೆಯಲ್ಲಿ ‘ಹೆಸರು ಹೇಳುವುದಿಲ್ಲ, ಆದರೆ ನಮ್ಮ ಒಬ್ಬ ಸಹೋದರಿ…’ ಎಂದು ಶುರುಮಾಡುವುದೂ ಹೊರಗೆ ಬಿಟ್ಟಂತೆಯೇ.

ಮೂರನೇ ಲಯ: ಹಬ್ಬಗಳು

ಕ್ರಿಸ್ಮಸ್ ಡಿಸೆಂಬರ್ 25ಕ್ಕೆ ಕೂತಿದೆ, ವರ್ಷಕ್ಕೊಮ್ಮೆ ಮರುಕಳಿಸು ಎಂದರೆ ಆಯಿತು. ಈಸ್ಟರ್ ಹಾಗಲ್ಲ. ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಾದರೂ ಬೀಳುತ್ತದೆ: 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28, 2028ರಲ್ಲಿ ಏಪ್ರಿಲ್ 16. 2026ರ ಕೆಲಸಗಳಿಗೆ ‘ಪ್ರತಿ ವರ್ಷ’ ಎಂದು ಹಾಕಿದವರಿಗೆ 2027ರಲ್ಲಿ ಎಲ್ಲ ನೆನಪೂ ಎಂಟು ದಿನ ತಡವಾಗಿ ಬರುತ್ತದೆ, ಶುಭ ಶುಕ್ರವಾರದ ತಯಾರಿ ಈಸ್ಟರ್ ಮುಗಿದ ಮೇಲೆ.

ಹೀಗೆ ಮಾಡಿ. ಗೂಗಲ್ ಶೀಟಿನ ಮೊದಲ ಮನೆಯಲ್ಲಿ (ಸೆಲ್) ಆ ವರ್ಷದ ಈಸ್ಟರ್ ದಿನಾಂಕ ಬರೆಯಿರಿ. ಉಳಿದ ಸಾಲುಗಳಲ್ಲಿ ಆ ಮನೆಯಿಂದ ಕೂಡಿಸುವ, ಕಳೆಯುವ ಸೂತ್ರ ಹಾಕಿ: ಬೂದಿ ಬುಧವಾರಕ್ಕೆ 46 ಕಳೆಯಿರಿ, ಗರಿಗಳ ಭಾನುವಾರಕ್ಕೆ 7, ಶುಭ ಶುಕ್ರವಾರಕ್ಕೆ 2, ಸ್ವರ್ಗಾರೋಹಣಕ್ಕೆ 39 ಕೂಡಿಸಿ, ಪಂಚಾಶತ್ತಮಕ್ಕೆ (ಪೆಂಟೆಕೋಸ್ಟ್) 49. ಇವುಗಳ ಕೆಳಗೆ ನಿಮ್ಮ ತಯಾರಿಯ ಸಾಲುಗಳು: ಹಾಡಿನ ತಂಡದ ಅಭ್ಯಾಸ ಶುರು, ಅತಿಥಿ ಪ್ರಸಂಗಿಗೆ ಆಹ್ವಾನ, ಮಕ್ಕಳ ಕಾರ್ಯಕ್ರಮದ ಪಾತ್ರ ಹಂಚಿಕೆ, ಹೂವು, ಕುರ್ಚಿ. ಒಂದೊಂದೂ ಈಸ್ಟರಿನಿಂದ ಇಷ್ಟು ದಿನ ಹಿಂದೆ ಎಂದು. ಮುಂದಿನ ವರ್ಷ ಮೊದಲ ಮನೆ ಮಾತ್ರ ಬದಲಿಸಿದರೆ ಇಡೀ ಶೀಟು ಸರಿಯುತ್ತದೆ. ಹಳೆಯ ಪಂಚಾಂಗ ಅನುಸರಿಸುವ ಆರ್ಥಡಾಕ್ಸ್ ಸಭೆಗಳಿಗೂ, ಬೂದಿ ಬುಧವಾರದ ಸಾಲು ಬಿಟ್ಟರೆ, ಇದೇ ಶೀಟು ನಡೆಯುತ್ತದೆ. ಅವರ ಈಸ್ಟರ್ 2026ರಲ್ಲಿ ಏಪ್ರಿಲ್ 12.

ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ಕಾಲವಾದ ಅಡ್ವೆಂಟಿನ ಮೊದಲ ಭಾನುವಾರವೂ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಓಡಾಡುತ್ತದೆ. 2026ರಲ್ಲಿ ಅದು ನವೆಂಬರ್ 29. ಕ್ರಿಸ್ಮಸ್ ತಯಾರಿಯನ್ನು 25ರಿಂದಲ್ಲ, ಈ ಭಾನುವಾರದಿಂದ ಹಿಂದಕ್ಕೆ ಎಣಿಸಿ.

ಹಬ್ಬ ಮುಗಿದ ಎರಡು ದಿನದೊಳಗೆ ಶೀಟಿನ ಕೊನೆಯ ಕಾಲಮಿನಲ್ಲಿ ಆದದ್ದನ್ನು ಬರೆಯಿರಿ: ಕುರ್ಚಿ ಎಷ್ಟು ಸಾಲದೆ ಬಂತು, ಯಾವ ಹಾಡು ಉದ್ದವಾಯಿತು. ಎರಡು ವಾರ ಬಿಟ್ಟರೆ ‘ಚೆನ್ನಾಗಿ ನಡೆಯಿತು’ ಎಂಬುದಷ್ಟೇ ನೆನಪಿರುತ್ತದೆ.

ವಾಟ್ಸಾಪ್ ಮತ್ತು ಸ್ವಯಂಸೇವಕರು

ಸಭೆಯ ಎಲ್ಲರಿಗೂ ಆ್ಯಪ್ ಕಲಿಸಲು ಹೊರಡಬೇಡಿ. ಆ್ಯಪ್ ಬೇಕಾದ್ದು ಹೊಣೆ ಹೊತ್ತ ನಾಲ್ಕೈದು ಜನರಿಗೆ. ಉಳಿದವರಿಗೆ ವಾಟ್ಸಾಪ್ ಸಾಕು. ಅದೂ ಇಲ್ಲದ ವಯಸ್ಸಾದವರಿಗೆ ಸರದಿಯ ಶೀಟನ್ನು ಮುದ್ರಿಸಿ ನೋಟಿಸ್ ಬೋರ್ಡಿಗೆ ಹಚ್ಚಿ.

ವಾಟ್ಸಾಪ್ ದಾರಿ, ಉಗ್ರಾಣವಲ್ಲ. ಗುಂಪಿನಲ್ಲಿ ಬಂದ ಕೆಲಸವನ್ನು ಹೊಣೆಗಾರರು ಒಳಪೆಟ್ಟಿಗೆಗೆ ಹಾಕಿ, ಆ ಸಂದೇಶಕ್ಕೆ ಒಂದು ಟಿಕ್ ಗುರುತಿನ ಪ್ರತಿಕ್ರಿಯೆ ಕೊಡುವ ಪದ್ಧತಿ ಮಾಡಿ. ಟಿಕ್ ಇಲ್ಲದ ಸಂದೇಶ ಇನ್ನೂ ಪಟ್ಟಿಗೆ ಬಂದಿಲ್ಲ ಎಂದು ಎಲ್ಲರಿಗೂ ತಿಳಿಯುತ್ತದೆ. ಸರದಿಯ ಸಂದೇಶವನ್ನು ಪಿನ್ ಮಾಡುವಾಗ 24 ಗಂಟೆ, 7 ದಿನ, 30 ದಿನ ಎಂಬ ಮೂರು ಆಯ್ಕೆ ಸಿಗುತ್ತವೆ. 7 ದಿನ ಆರಿಸಿ. ಗುಂಪಿನಲ್ಲಿ ಸಂದೇಶಗಳು ತಾವಾಗಿ ಅಳಿಯುವ ವ್ಯವಸ್ಥೆ ಹಾಕಿದ್ದರೆ ಹಳೆಯ ಮಾತನ್ನು ಹುಡುಕಿ ತರುವ ಆಸೆ ಬಿಡಿ.

ಸರದಿ ಕೇಳುವ ಸಂದೇಶ ಹೀಗಿರಲಿ: ‘ಅಕ್ಕಾ, 14ರ ಭಾನುವಾರ ಬೆಳಿಗ್ಗೆ 9ರಿಂದ ಬಾಗಿಲ ಸ್ವಾಗತಕ್ಕೆ ನೀವು ಬರಲು ಆಗುತ್ತದೆಯೇ? ಬುಧವಾರದೊಳಗೆ ತಿಳಿಸಿ. ಆಗದಿದ್ದರೆ ತೊಂದರೆ ಇಲ್ಲ, ಬೇರೆಯವರನ್ನು ಕೇಳುತ್ತೇನೆ.’ ದಿನ, ಗಂಟೆ, ಕೆಲಸ, ಉತ್ತರದ ಗಡುವು, ಇಲ್ಲ ಎನ್ನಲು ಜಾಗ. ‘ಈ ವಾರ ಯಾರಾದರೂ ಸಹಾಯ ಮಾಡಿ’ ಎಂದು ಗುಂಪಿಗೆ ಹಾಕಿದರೆ ಕೈಮುಗಿದ ಚಿತ್ರಗಳು ಬರುತ್ತವೆ, ಜನ ಬರುವುದಿಲ್ಲ.

ವಾರದ ಅರ್ಧ ಗಂಟೆ

ಸೋಮವಾರವೋ ಮಂಗಳವಾರವೋ ಒಂದು ಹೊತ್ತು ಗೊತ್ತುಮಾಡಿ, ಕ್ಯಾಲೆಂಡರಿನಲ್ಲಿ ಅದನ್ನು ಕಾದಿರಿಸಿಡಿ. ಮೊದಲು ಒಳಪೆಟ್ಟಿಗೆ: ಪ್ರತಿ ಸಾಲನ್ನೂ ಮೂರು ಲಯಗಳಲ್ಲಿ ಒಂದಕ್ಕೆ ಸರಿಸಿ, ಇಲ್ಲವೇ ಅಳಿಸಿ. ಆಮೇಲೆ ಗಡುವು ಮೀರಿದವು. ಮೂರನೇ ಸಲ ಮುಂದೂಡುತ್ತಿರುವ ಕೆಲಸ ಸಿಕ್ಕರೆ ಮತ್ತೆ ದಿನಾಂಕ ಬದಲಿಸಬೇಡಿ. ಅದು ದೊಡ್ಡದಾದ್ದರಿಂದ ಹಾಗಾಗಿದ್ದರೆ ಒಡೆಯಿರಿ: ‘ಯೌವನಸ್ಥರ ಶಿಬಿರ’ ಎಂಬುದು ಕೆಲಸವಲ್ಲ, ‘ಕೇಳು – ಶಿಬಿರದ ಜಾಗಕ್ಕೆ ಯಾವ ದಿನ ಖಾಲಿ’ ಎಂಬುದು ಕೆಲಸ. ನಿಮ್ಮದಲ್ಲದ್ದರಿಂದ ಹಾಗಾಗಿದ್ದರೆ ಬೇರೆಯವರ ಹೆಸರಿಗೆ ಹಾಕಿ. ಮನಸ್ಸಿಲ್ಲದ್ದರಿಂದ ಹಾಗಾಗಿದ್ದರೆ ಹೇಳಿದವರಿಗೆ ‘ಇದು ಈ ವರ್ಷ ಆಗದು’ ಎಂದು ತಿಳಿಸಿ ಅಳಿಸಿ. ಕೊನೆಯದಾಗಿ ಆರೈಕೆಯ ಪಟ್ಟಿಯಲ್ಲಿ ದಿನಾಂಕವಿಲ್ಲದ ಸಾಲುಗಳು. ಟುಡುಯಿಸ್ಟ್‌ನಲ್ಲಿ ಇವನ್ನಷ್ಟೇ ತೋರಿಸುವ ಫಿಲ್ಟರ್ ಮಾಡಿಟ್ಟುಕೊಳ್ಳಬಹುದು.

ಎಲ್ಲ ಕೆಲಸಕ್ಕೂ ಕೆಂಪು ಬಾವುಟ ಹಾಕುವ ಚಟ ಬೇಗ ಹತ್ತುತ್ತದೆ. ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ಗಂಟೆಗೊಂದು ನೆನಪಿನ ಸದ್ದೂ ಬೇಡ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪಟ್ಟಿ ನೋಡುವವರಿಗೆ ಸದ್ದು ಬೇಕಾಗುವುದು ಆಪರೇಷನ್‌ನಂಥ ಗಂಟೆ ನಿಗದಿಯಾದವಕ್ಕೆ ಮಾತ್ರ. ಪಾಸ್ಟರ್ ರಜೆಯ ದಿನ ಆ್ಯಪಿನ ಎಲ್ಲ ಸದ್ದೂ ಬಂದ್, ಫೋನಿನಲ್ಲಿ ಇಬ್ಬರು ಹಿರಿಯರ ಕರೆ ಮಾತ್ರ ಒಳಗೆ ಬರುವಂತೆ ಮಾಡಿಡಿ. ತುರ್ತು ಇದ್ದರೆ ಅವರೇ ಮಾಡುತ್ತಾರೆ.

ಪಾಸ್ಟರ್ ವರ್ಗವಾದಾಗ ಮುಂದಿನವರಿಗೆ ದಾಟಿಸಬೇಕಾದ್ದು: ಸಭೆಯ ಇಮೇಲಿನ ಹಕ್ಕು, ಭಾನುವಾರದ ಮಾದರಿ ಕಾರ್ಡು, ಹಬ್ಬಗಳ ಶೀಟು, ಸರದಿಯ ಶೀಟು, ಕುಟುಂಬಗಳನ್ನು ಯಾವ ಹಿರಿಯರಿಗೆ ಹಂಚಿದೆ ಎಂಬ ಪಟ್ಟಿ. ದಾಟಿಸಬಾರದ್ದು: ‘ಕ 14’ ಯಾರೆಂದು ಬರೆದಿರುವ ನೋಟ್‌ಬುಕ್ಕು. ಆ ಮನೆಯವರನ್ನು ಕೇಳಿ, ಅವರು ಒಪ್ಪಿದರೆ ಒಪ್ಪಿದಷ್ಟನ್ನು ಬಾಯಲ್ಲೇ ಹೇಳಿ. ಉಳಿದ ಹಾಳೆಗಳನ್ನು ಹೊರಡುವ ಮೊದಲು ಹರಿದು ಸುಡಿ.